ಜಯಕ್ಕನ ಡಬ್ಬಿಯೂ ನಿಧಾನದ ಚೇತರಿಕೆಯೂ

ಅರ್ಥಶಾಸ್ತ್ರ ಓದಿದವರಿಗೆ ಒಂದು ಚಾಳಿ ಇದೆ. ನಡೆದುಹೋದದ್ದು ಯಾಕೆ ನಡೆಯಿತು ಎಂದು ನಾವು ಎಷ್ಟು ಸೊಗಸಾಗಿ ವಿವರಿಸುತ್ತೇವೆಂದರೆ, ಅದು ನಡೆಯುವ ಮೊದಲು ನಾವೇನು ಹೇಳಿದ್ದೆವು ಎಂಬುದನ್ನು ಕೇಳುವವರು ಮರೆತೇಬಿಡುತ್ತಾರೆ. ಮರೆಯದೆ ಉಳಿಯುವವಳು ಹೆಂಡತಿ ಒಬ್ಬಳೇ. ನಾನು ಹುಣಸೂರಿನ ಒಂದು ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ಈ ಶಾಸ್ತ್ರವನ್ನು ಪಾಠ ಮಾಡುತ್ತಿದ್ದೇನೆ. ಪಿರಿಯಾಪಟ್ಟಣದಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ದೇಶದ ಹಣದುಬ್ಬರವನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡಿದ್ದೇನೆ, ಆದರೆ ಸಂತೆಯಲ್ಲಿ ಅವರೆಕಾಯಿಗೆ ಎಷ್ಟು ಕೊಟ್ಟೆ ಎಂದು ಮನೆಯಲ್ಲಿ ಹೇಳುವ ಧೈರ್ಯ ನನಗೆ ಈವರೆಗೂ ಬಂದಿಲ್ಲ.

ಈಚೆಗೆ ಮೈಸೂರಿನ ಒಂದು ವಿಚಾರ ಸಂಕಿರಣದಲ್ಲಿ ಪೇಪರ್ ಓದಲು ಕರೆದರು. ಹಣಕಾಸಿನ ಬಿಕ್ಕಟ್ಟು ಬಂದು ಹೋದ ಮೇಲೆ ಚೇತರಿಕೆ ಯಾಕೆ ಅಷ್ಟು ನಿಧಾನವಾಗುತ್ತದೆ ಎಂಬುದು ವಿಷಯ. ಇದರ ಬಗ್ಗೆ ಪಂಡಿತರಲ್ಲಿ ದೊಡ್ಡ ಜಗಳವಿದೆ. ಒಂದು ಗುಂಪಿನವರು, ಮಳೆ ಕೈಕೊಟ್ಟೋ ಬೆಲೆ ಬಿದ್ದೋ ಬರುವ ಹಿಂಜರಿತ ಬೇರೆ, ಸಾಲ ಕೊಡುವ ತೆಗೆದುಕೊಳ್ಳುವ ನಂಬಿಕೆಯೇ ಮುರಿದು ಬರುವ ಹಿಂಜರಿತ ಬೇರೆ ಎನ್ನುತ್ತಾರೆ. ನಂಬಿಕೆ ಮುರಿದರೆ ಗುಣವಾಗುವುದು ಅದರ ಸ್ವಭಾವದಿಂದಲೇ ನಿಧಾನ, ಯಾರೂ ಏನೂ ಮಾಡುವ ಹಾಗಿಲ್ಲ, ತಾಳ್ಮೆಯಿಂದಿರಬೇಕು. ಇನ್ನೊಂದು ಗುಂಪಿನವರು ಅದೆಲ್ಲ ನೆಪ ಎನ್ನುತ್ತಾರೆ. ಆಳವಾಗಿ ಬಿದ್ದದ್ದು ಅಷ್ಟೇ ಜೋರಾಗಿ ಮೇಲೇಳಬೇಕು, ಏಳಲಿಲ್ಲವೆಂದರೆ ಮಾಡಬೇಕಾದವರು ಮಾಡಬೇಕಾದ್ದನ್ನು ಮಾಡಲಿಲ್ಲ ಎಂದೇ ಅರ್ಥ. ನನ್ನದು ಮೊದಲನೆಯ ಗುಂಪು. ಯಾರೂ ಏನೂ ಮಾಡುವ ಹಾಗಿಲ್ಲ ಎನ್ನುವ ಸಿದ್ಧಾಂತ ನನ್ನ ಮೈಗೆ ಚೆನ್ನಾಗಿ ಒಗ್ಗುತ್ತದೆ.

ಇದನ್ನು ತರಗತಿಯಲ್ಲಿ ಹೇಳುವಾಗ, "ನೋಡ್ರಪ್ಪಾ, ಚೆಂಡನ್ನು ನೆಲಕ್ಕೆ ಜೋರಾಗಿ ಹೊಡೆದರೆ ಜೋರಾಗಿ ಪುಟಿಯುತ್ತೆ. ಅದೇ ಮುದ್ದೆಯನ್ನು ಹೊಡೆದರೆ ಪುಟಿಯುತ್ತಾ? ಅಲ್ಲೇ ಕೂತುಬಿಡುತ್ತೆ. ಹಣಕಾಸಿನ ಬಿಕ್ಕಟ್ಟು ಅಂದರೆ ಮುದ್ದೆ," ಎಂದೆ. ಉಪಮಾನ ಒಳ್ಳೆಯದಾಗಿ ಬಂತು ಎಂದು ನಾನೇ ಖುಷಿಪಡುತ್ತಿದ್ದಾಗ ಹಾರನಹಳ್ಳಿಯಿಂದ ಬರುವ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ಮುದ್ದೇನ ಯಾಕ್ ನೆಲಕ್ ಹೊಡೀಬೇಕು?" ಎಂದಳು. ಆ ಪ್ರಶ್ನೆಗೆ ಎರಡೂ ಗುಂಪಿನವರಲ್ಲಿ ಉತ್ತರವಿಲ್ಲ. ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದರೆ ವಾಣಿಜ್ಯ ವಿಭಾಗದ ರಾಜಣ್ಣ ಟೀ ಚೆಲ್ಲುವಷ್ಟು ನಕ್ಕ. ರಾಜಣ್ಣ ಭೇರ್ಯದ ಕಡೆಯವನು, ನನ್ನ ಹಳೆಯ ಸ್ನೇಹಿತ, ಎರಡನೆಯ ಗುಂಪಿನವನು. "ಲೋ, ತಾನಾಗೇ ನಿಧಾನ ಆಗೋದು ಅಂತ ಯಾವ್ದೂ ಇಲ್ಲ ಕಣೋ. ನಿಧಾನ ಆಯ್ತು ಅಂದ್ರೆ ಯಾವನೋ ಒಬ್ಬ ಬುದ್ಧಿವಂತ ಮಧ್ಯದಲ್ಲಿ ಕೈ ಕಟ್ಕೊಂಡು ಕೂತವ್ನೆ ಅಂತ ಲೆಕ್ಕ. ಅವನನ್ನ ಹುಡುಕು, ಪೇಪರ್ ಮುಗೀತದೆ," ಎಂದ. ವಾಣಿಜ್ಯದವರಿಗೆ ಎಲ್ಲವೂ ಸುಲಭ ಎಂದುಕೊಂಡು ನಾನು ಮುಂದಿನ ತರಗತಿಗೆ ಹೊರಟೆ.

ಇಷ್ಟಕ್ಕೂ ನನ್ನ ಸಿದ್ಧಾಂತಕ್ಕೆ ಸಾಕ್ಷಿ ಪುಸ್ತಕದಲ್ಲಿ ಮಾತ್ರ ಇರಲಿಲ್ಲ, ನಮ್ಮ ಅಡುಗೆಮನೆಯ ಅಟ್ಟದ ಮೇಲೇ ಇತ್ತು. ಅದೊಂದು ಸ್ಟೀಲ್ ಡಬ್ಬಿ. ಮೈಮೇಲೆ ಚುಕ್ಕಿ ಚುಕ್ಕಿಯಾಗಿ "ಜಯಮ್ಮ, ಬೆಟ್ಟದಪುರ" ಎಂದು ಕೆತ್ತಿಸಿದೆ. ಜಯಮ್ಮ ಎಂದರೆ ನಮ್ಮ ಎದುರು ಮನೆಯವರು, ಬೆಟ್ಟದಪುರದಿಂದ ಮದುವೆಯಾಗಿ ಈ ಬೀದಿಗೆ ಬಂದವರು. ನನ್ನ ಹೆಂಡತಿ ಸುನಂದಾಗೆ ಅವರು ಜಯಕ್ಕ. ಹದಿನಾಲ್ಕು ವರ್ಷ ಎರಡು ಮನೆಯ ನಡುವೆ ಸಾರು, ಪಲ್ಯ, ಹೆಪ್ಪು, ಕರಿಬೇವು, ಚಾಡಿ ಎಲ್ಲವೂ ಓಡಾಡಿದ್ದವು. ಜಯಕ್ಕ ಬೀದಿಯ ಹೆಂಗಸರನ್ನು ಸೇರಿಸಿ ಚೀಟಿಯನ್ನೂ ನಡೆಸುತ್ತಿದ್ದರು. ಒಂದೂವರೆ ವರ್ಷದ ಹಿಂದೆ ಚೀಟಿ ಎತ್ತಿದ ಇಬ್ಬರು ಬಾಡಿಗೆದಾರರು ಉಳಿದ ಕಂತು ಕಟ್ಟದೆ, ಮನೆಗೆ ಬೀಗವನ್ನೂ ಹಾಕದೆ, ಊರು ಬಿಟ್ಟರು. ಚೀಟಿ ಮುರಿಯಿತು. ಬೀದಿ ಹೆಂಗಸರೆಲ್ಲ ಜಯಕ್ಕನ ಬಾಗಿಲಿಗೆ ಹೋಗಿ ಕೂಗಾಡಿದರು. ಆ ಸಂಜೆ ನಾನೂ ಸುನಂದಾಗೆ ಏನೋ ಒಂದು ಮಾತು ಹೇಳಿದೆ. ಏನೆಂದು ಸರಿಯಾಗಿ ನೆನಪಿಲ್ಲ. ಮೇಷ್ಟ್ರುಗಳು ದಿನಕ್ಕೆ ನೂರು ಮಾತು ಹೇಳುತ್ತಾರೆ, ಬಿಡಿ.

ಜಯಕ್ಕ ಬಳೆ ಮಾರಿ, ಹಸು ಮಾರಿ, ಎಂಟು ತಿಂಗಳಲ್ಲಿ ಎಲ್ಲರ ದುಡ್ಡನ್ನೂ ವಾಪಸ್ಸು ಕೊಟ್ಟರು. ನಮ್ಮದೂ ಬಂತು. ಆದರೆ ನಿಂತ ಓಡಾಟ ಮತ್ತೆ ಶುರುವಾಗಲಿಲ್ಲ. ಚೀಟಿ ಮುರಿಯುವ ಹಿಂದಿನ ದಿನ ಹಿತಕಿದ ಬೇಳೆ ಸಾರು ತುಂಬಿಕೊಂಡು ಬಂದಿದ್ದ ಆ ಡಬ್ಬಿ ನಮ್ಮ ಮನೆಯಲ್ಲೇ ಸಿಕ್ಕಿಹಾಕಿಕೊಂಡಿತು. ನಮ್ಮ ಕಡೆ ತಿಂಡಿ ಬಂದ ಪಾತ್ರೆಯನ್ನು ಖಾಲಿ ವಾಪಸ್ಸು ಕಳಿಸುವುದಿಲ್ಲ. ಏನೂ ಇಲ್ಲದ ದಿನ ನಮ್ಮಮ್ಮ ಒಂದು ಚಿಟಿಕೆ ಸಕ್ಕರೆ, ಅದೂ ಇಲ್ಲದಿದ್ದರೆ ನಾಲ್ಕು ಕರಿಬೇವಿನ ಎಲೆಯನ್ನಾದರೂ ಹಾಕಿ ಕಳಿಸುತ್ತಿದ್ದಳು. ಖಾಲಿ ಕಳಿಸಿದರೆ ಸಂಬಂಧ ಮುಗಿಯಿತು ಎಂದಂತೆ. ತುಂಬಿ ಕಳಿಸಿದರೆ ಏನೂ ಆಗೇ ಇಲ್ಲ ಎಂದಂತೆ. ಸುನಂದಾಗೆ ಎರಡೂ ಆಗದು. ಹಾಗಾಗಿ ಡಬ್ಬಿಯನ್ನು ಬೆಳಗಿ ಬೆಳಗಿ ಅಟ್ಟದ ಮೇಲೆ ಇಡುತ್ತಿದ್ದಳು. ಉಪಯೋಗಿಸದ ಪಾತ್ರೆಯನ್ನು ವಾರಕ್ಕೊಮ್ಮೆ ಯಾಕೆ ತೊಳೆಯುತ್ತಾಳೆ ಎಂದು ನಾನು ಕೇಳಲಿಲ್ಲ. ನನ್ನ ಪೇಪರಿನಲ್ಲಿ ಮಾತ್ರ, ಬಾಕಿ ತೀರಿದ ಮೇಲೂ ವ್ಯವಹಾರ ಹೆಪ್ಪುಗಟ್ಟಿರುತ್ತದೆ ಎಂದು ಒಂದು ಗಂಭೀರವಾದ ಸಾಲು ಬರೆದುಕೊಂಡೆ.

ಹೀಗೇ ಇನ್ನೂ ಹತ್ತು ವರ್ಷ ನಡೆಯುತ್ತಿತ್ತೋ ಏನೋ. ಅಷ್ಟರಲ್ಲಿ ಜಯಕ್ಕನ ಮಗಳು ಪವಿತ್ರ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಹೆಣ್ಣು ಮಗುವಾಯಿತು. ಇಲ್ಲಿ ಒಂದು ವಿಷಯ ಹೇಳಬೇಕು. ಎಳೆಗೂಸಿಗೆ ನೀರೆರೆಯುವುದರಲ್ಲಿ ನಮ್ಮ ಸುನಂದಾ ಬೀದಿಗೇ ಹೆಸರುವಾಸಿ. ಕಾಲು ಚಾಚಿ ಕೂತು, ಮಗುವನ್ನು ಮೊಣಕಾಲ ಮೇಲೆ ಬೋರಲು ಹಾಕಿಕೊಂಡು, ಬಿಸಿನೀರು ಎರೆಯಲು ಶುರುಮಾಡಿದಳೆಂದರೆ ಎಂಥ ರಚ್ಚೆಯ ಕೂಸೂ ಅರ್ಧದಲ್ಲೇ ನಿದ್ದೆ ಹೋಗುತ್ತದೆ. ಪವಿತ್ರಳ ಮದುವೆಯ ದಿನವೇ, ಆಗಿನ್ನೂ ಚೀಟಿ ಮುರಿದಿರಲಿಲ್ಲ, "ನಿನ್ ಮಗೀಗೆ ನೀರು ಉಯ್ಯೋಳು ನಾನೇ ಕಣೇ, ಬೇರೆ ಯಾರ್ ಕೈಗೂ ಕೊಡಬೇಡ," ಎಂದು ಅವಳ ಗಲ್ಲ ಹಿಡಿದು ಹೇಳಿದ್ದಳು. ಈಗ ಮಗು ಬಂದಿದೆ. ಜಯಕ್ಕನ ಬಲಗೈ ಮಣಿಕಟ್ಟು ಊದಿಕೊಂಡಿದೆ. ಹತ್ತಿರದ ನೆಂಟರಲ್ಲಿ ಆ ಕೆಲಸ ಬಲ್ಲವರಿಲ್ಲ, ಜಯಕ್ಕನೇ ಎಡಗೈಯಲ್ಲಿ ಹೇಗೋ ನೀರೆರೆಯುತ್ತಿದ್ದರು. ದಿನಾ ಬೆಳಿಗ್ಗೆ ಹತ್ತು ಗಂಟೆಗೆ ಎದುರು ಮನೆಯ ಬಚ್ಚಲಿನಿಂದ ಆ ಕೂಸು ಕಿರುಚಿಕೊಳ್ಳುವುದು ನಮ್ಮ ಅಡುಗೆಮನೆಗೆ ಕೇಳಿಸುತ್ತಿತ್ತು.

ಭಾನುವಾರ ನಾನು ಮನೆಯಲ್ಲಿದ್ದೆ, ಕಣ್ಣಾರೆ ನೋಡಿದೆ. ಸುನಂದಾ ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿ ಕಿವಿಗೊಟ್ಟಳು. "ನೀರು ಬಿಸಿ ಜಾಸ್ತಿ ಆಯ್ತು," ಎಂದಳು. ಸ್ವಲ್ಪ ಹೊತ್ತಿಗೆ, "ಕತ್ತು ಸರಿಯಾಗಿ ಹಿಡ್ದಿಲ್ಲ," ಎಂದಳು. ಅಳು ಇನ್ನೂ ಜೋರಾದಾಗ ಅವಳ ಎರಡು ಕಾಲೂ ತಾವಾಗಿಯೇ ನೆಲದ ಮೇಲೆ ಚಾಚಿಕೊಂಡವು. ಕಣ್ಣಲ್ಲಿ ನೀರು. ಈರುಳ್ಳಿಯ ಮೇಲೆ ಹಾಕೋಣವೆಂದರೆ ಅವಳು ಬಿಡಿಸುತ್ತಿದ್ದದ್ದು ದಂಟಿನ ಸೊಪ್ಪು. ಇಷ್ಟು ದಿನ ಇದನ್ನು ಉದಾಹರಣೆ ಎಂದು ಬರೆದುಕೊಂಡು ಕೂತಿದ್ದೆನಲ್ಲ ಎಂದು ನನಗೆ ನಾಚಿಕೆಯಾಯಿತು.

ಅವಳು ರಾಗಿ ಬೀಸಿಸಿಕೊಂಡು ಬರಲು ಮಿಲ್ಲಿಗೆ ಹೋದದ್ದೇ ತಡ, ನಾನು ಕಾರ್ಯಪ್ರವೃತ್ತನಾದೆ. ಸ್ಟೂಲ್ ಹತ್ತಿ ಡಬ್ಬಿ ಇಳಿಸಿದೆ. ಬಸ್ ಸ್ಟ್ಯಾಂಡ್ ಹತ್ತಿರದ ಬೇಕರಿಯಿಂದ ಮೈಸೂರು ಪಾಕು ತಂದು ಬಾಯಿಯವರೆಗೆ ತುಂಬಿದೆ. ಬಾಕಿ ಉಳಿದಿರುವುದೇ ಚೇತರಿಕೆಗೆ ಅಡ್ಡಿ, ಅದನ್ನು ತೀರಿಸಿಬಿಟ್ಟರೆ ದಾರಿ ತೆರೆಯುತ್ತದೆ ಎಂಬುದು ನನ್ನ ಲೆಕ್ಕಾಚಾರ. ಬೀದಿ ದಾಟಲು ಹದಿನೈದು ಹೆಜ್ಜೆ ಸಾಕು. ನನಗೆ ಅದು ಕೆ.ಆರ್. ನಗರಕ್ಕೆ ನಡೆದುಹೋದಂತಾಯಿತು.

ಜಯಕ್ಕನ ಮನೆಯಲ್ಲಿ ಸಾಂಬ್ರಾಣಿಯ ಹೊಗೆ, ಸುಟ್ಟ ಬೆಳ್ಳುಳ್ಳಿಯ ವಾಸನೆ. ಕೈಗೆ ಬಟ್ಟೆ ಸುತ್ತಿಕೊಂಡಿದ್ದ ಜಯಕ್ಕ, "ಬನ್ನಿ ಮೇಷ್ಟ್ರೇ, ಕೂತ್ಕಳಿ," ಎಂದವರು ಡಬ್ಬಿ ಕಂಡು ಅಲ್ಲೇ ನಿಂತರು. ಎಡಗೈಯಲ್ಲಿ ಮುಚ್ಚಳ ತೆಗೆದು ನೋಡಿದರು.

"ಬೇಕರೀದು," ಎಂದರು.

"ಹೌದು."

"ಸುನಂದ ಕಳಿಸಿದ್ಲಾ?"

ಅರವತ್ತು ಹುಡುಗರ ಮುಂದೆ ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಳುವ ಅಭ್ಯಾಸ ನನಗುಂಟು. ಜಯಕ್ಕನ ಮುಂದೆ ನಾಲಿಗೆ ಹೊರಳಲಿಲ್ಲ. "ಇಲ್ಲ, ಅವಳು ಮಿಲ್ಲಿಗೆ ಹೋಗಿದ್ದಾಳೆ," ಎಂದೆ.

ಅವರು ಮುಚ್ಚಳ ಹಾಕಿ ಡಬ್ಬಿಯನ್ನು ನನ್ನ ಕೈಗೇ ಕೊಟ್ಟರು. "ಅಂಗಾರೆ ವಾಪಸ್ ತಗೊಂಡೋಗಿ."

"ಅಲ್ಲಮ್ಮಾ, ಇದು ನಿಮ್ಮದೇ ಡಬ್ಬಿ!"

"ನಂದೇಯ, ಯಾರ್ ಇಲ್ಲ ಅಂದ್ರು? ಎಲ್ರು ದುಡ್ಡೂ ತೀರಿಸ್ದೆ ಮೇಷ್ಟ್ರೇ. ತೀರಿಸ್ತಾ ತೀರಿಸ್ತಾ ಒಬ್ಬೊಬ್ರೇ ಬಾಗ್ಲಿಗೆ ಬರೋದ್ ನಿಲ್ಸುದ್ರು. ಬಾಕಿ ಇರೋಗಂಟ ವಾರಕ್ಕೊಂದಪ ಬಂದು ಬೈದಾದ್ರೂ ಓಗೋರು. ಈಗ ಯಾತಕ್ ಬತ್ತಾರೆ? ಈ ಬೀದೀಲಿ ನಂದು ಅಂತ ಉಳ್ದಿರೋದು ನಿಮ್ಮನೇಲಿರೋ ಈ ಡಬ್ಬಿ ಒಂದೇಯ. ಇದನ್ನ ಕೊಡಕ್ಕಾದ್ರೂ ಸುನಂದ ಒಂದಿನ ಬತ್ತಾಳೆ ಅಂತ ಕಾಯ್ತಾ ಇವ್ನಿ. ನೀವು ತಂದು ಕೊಟ್ಬುಟ್ರೆ ಅವ್ಳ್ ಯಾಕ್ ಬಂದಾಳು?"

ಇಪ್ಪತ್ತೆರಡು ವರ್ಷದಿಂದ ನಾನು ಬಾಕಿ ಎಂದರೆ ಹೊರೆ ಎಂದು ಪಾಠ ಮಾಡಿದ್ದೆ. ಬಾಕಿ ಎಂದರೆ ಇನ್ನೂ ಬರುವವರು ಇದ್ದಾರೆ ಎಂಬ ಆಸೆಯೂ ಆಗಬಹುದೆಂದು ನನಗೆ ಯಾರೂ ಹೇಳಿರಲಿಲ್ಲ. ಒಳಗೆ ಕೂಸು ಮತ್ತೆ ರಾಗ ತೆಗೆಯಿತು. ನಾನು ಮೈಸೂರು ಪಾಕಿನ ಸಮೇತ ಹದಿನೈದು ಹೆಜ್ಜೆ ಹಿಂದಕ್ಕೆ ನಡೆದೆ.

ನಮ್ಮ ಬಾಗಿಲಲ್ಲಿ ಸುನಂದಾ ರಾಗಿ ಹಿಟ್ಟಿನ ಚೀಲ ಹಿಡಿದು ನಿಂತಿದ್ದಳು. ನನ್ನ ಕೈಯಲ್ಲಿದ್ದ ಡಬ್ಬಿ ನೋಡಿದಳು, ನಾನು ಬಂದ ದಿಕ್ಕು ನೋಡಿದಳು. "ಯಾರ್ ಹೇಳಿದ್ರು ನಿಮ್ಗೆ ಈ ಕೆಲ್ಸ?" ಎಂದಳು. ನಾನು ಹೆದರಿ, ಜಯಕ್ಕ ಹೇಳಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ. ಅವಳು ಚೀಲವನ್ನು ಕೆಳಗಿಟ್ಟಳು. ಬೈಗುಳಕ್ಕೆ ಸಿದ್ಧನಾಗಿದ್ದೆ, ಬರಲಿಲ್ಲ. ಮೆಲ್ಲಗೆ ಕೇಳಿದಳು, "ಚೀಟಿ ಮುರಿದ ದಿನ ಸಂಜೆ ನೀವೇನಂದ್ರಿ, ನೆನಪೈತಾ?"

"ಏನಂದೆ?"

"ನಾನು ಅವತ್ತೇ ಜಯಕ್ಕನ ಮನೆಗೆ ಹೊರಟಿದ್ದೆ. ಪಾಪ, ಎಲ್ರೂ ಬೈತಾವ್ರೆ, ಒಂದ್ ಲೋಟ ಕಾಫಿನಾದ್ರೂ ಕೊಟ್ಟು ಬರಾಣ ಅಂತ ಚಪ್ಪಲಿ ಮೆಟ್ಕೊಂಡಿದ್ದೆ. ನೀವು ಪೇಪರ್ ಮಡಚಿಟ್ಟು, 'ಈಗ ಹೋಗಬೇಡ. ನಂಬಿಕೆ ಮುರಿದಾಗ ಯಾರೂ ಮಧ್ಯೆ ಕೈ ಹಾಕಬಾರದು. ಕಾಲಕ್ರಮೇಣ ತಾನಾಗಿ ಸರಿಹೋಗುತ್ತೆ' ಅಂದ್ರಿ. ಓದಿದೋರು ಹೇಳ್ತಾವ್ರೆ ಅಂತ ಚಪ್ಪಲಿ ಬಿಟ್ಟೆ. ಮೊದಲ್ನೇ ದಿನ ಹೋಗದಿದ್ರೆ ಎರಡ್ನೇ ದಿನ ಹೋಗೋದು ಕಷ್ಟ ಕಣ್ರೀ. ತಿಂಗಳಾದ್ಮೇಲೆ ಯಾವ್ ಮುಖ ಇಟ್ಕೊಂಡು ಹೋಗ್ಲಿ?"

ಅಯ್ಯೋ ರಾಜಣ್ಣ! ಮಧ್ಯದಲ್ಲಿ ಕೈ ಕಟ್ಟಿಕೊಂಡು ಕೂತಿದ್ದ ಬುದ್ಧಿವಂತನನ್ನು ಹುಡುಕಲು ನಾನು ಹುಣಸೂರಿನ ಲೈಬ್ರರಿಯನ್ನೆಲ್ಲ ಜಾಲಾಡಿದ್ದೆನಲ್ಲ. "ಈಗ ಹೋಗು, ನಾನೇ ಹೇಳ್ತಾ ಇದ್ದೀನಿ," ಎಂದೆ ಸಣ್ಣ ದನಿಯಲ್ಲಿ. ಅವಳು ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ನಾನು ಹೇಳಿದ್ದು ಕೇಳಿಸಿತೋ ಇಲ್ಲವೋ. ಡಬ್ಬಿಯನ್ನು ನನ್ನ ಕೈಯಿಂದ ಕಿತ್ತು ಮೇಜಿನ ಮೇಲೆ ಕುಕ್ಕಿ, ಬರಿಗೈಯಲ್ಲೇ, ಬರಿಗಾಲಲ್ಲೇ ಬೀದಿ ದಾಟಿದಳು. ಬಾಗಿಲಲ್ಲಿ ಜಯಕ್ಕ ನಿಂತಿದ್ದರು. ಒಂದೂವರೆ ವರ್ಷದ ಮೇಲೆ ಇಬ್ಬರೂ ಏನು ಮಾತಾಡುತ್ತಾರೋ ಎಂದು ನಾನು ನಮ್ಮ ಬಾಗಿಲಲ್ಲೇ ನಿಂತು ನೋಡಿದೆ. ಸುನಂದಾ ಹೇಳಿದ್ದು ಇಷ್ಟೇ: "ಅಷ್ಟು ಕುದಿಯೋ ನೀರ್ ಉಯ್ತಾರೇನಕ್ಕ ಕೂಸಿಗೆ? ಸರ್ಕೋ ಅತ್ಲಾಗೆ." ಜಯಕ್ಕ ಸರಿದರು. ಕಾಲು ಗಂಟೆಯಲ್ಲಿ ಅಳು ನಿಂತಿತು. ಆಮೇಲೆ ಇಬ್ಬರು ದೊಡ್ಡವರು ಅಳುವುದು ಕೇಳಿಸಿತು, ಆಮೇಲೆ ನಗುವುದು, ಆಮೇಲೆ ನಗು ಬಹಳ ಹೊತ್ತು ನಿಲ್ಲದಿದ್ದಾಗ, ಇದು ನನ್ನ ವಿಷಯವೇ ಇರಬೇಕು ಎಂದು ನನಗೆ ಖಾತ್ರಿಯಾಯಿತು.

ಈಗ ದಿನಾ ಹತ್ತು ಗಂಟೆಗೆ ಸುನಂದಾ ಅಲ್ಲಿಗೆ ಹೋಗುತ್ತಾಳೆ, ಹರಳೆಣ್ಣೆಯ ವಾಸನೆ ಹೊತ್ತು ಬರುತ್ತಾಳೆ. ಮೈಸೂರು ಪಾಕನ್ನು ನಾನೊಬ್ಬನೇ ತಿಂದು ಮುಗಿಸಬೇಕೆಂದು ತೀರ್ಪಾಯಿತು, ಐದು ದಿನ ಹಿಡಿಯಿತು. ಡಬ್ಬಿ ಮತ್ತೆ ಅಟ್ಟ ಸೇರಿದೆ. ಅದನ್ನು ವಾಪಸ್ಸು ಕೊಡುವ ಯೋಚನೆ ಯಾರಿಗೂ ಇಲ್ಲ, ಜಯಕ್ಕನಂತೂ ಕೇಳುವುದಿಲ್ಲ. ಪೇಪರನ್ನು ಹರಿದು ಹೊಸದಾಗಿ ಬರೆದೆ. ಸಂಕಿರಣದಲ್ಲಿ ಮೊದಲನೆಯ ಗುಂಪಿನಿಂದ ಎರಡನೆಯ ಗುಂಪಿಗೆ ಯಾಕೆ ಹಾರಿದಿರಿ ಎಂದು ಯಾರೋ ಕೇಳಿದರು. ಮನೆಯಲ್ಲಿ ಹೊಸ ಮಾಹಿತಿ ಸಿಕ್ಕಿತು ಎಂದಷ್ಟೇ ಹೇಳಿದೆ.

ಮೊನ್ನೆ ಬೀದಿಯ ತುದಿಯ ಮನೆಯಲ್ಲಿ ಅತ್ತೆ ಸೊಸೆಗೆ ದೊಡ್ಡ ಜಗಳವಾಯಿತು. ನಾನು ಕನ್ನಡಕ ತೆಗೆದು, ಗಂಟಲು ಸರಿಮಾಡಿಕೊಂಡು, ಆ ವಿಷಯದಲ್ಲಿ ಏನು ಮಾಡಬೇಕೆಂದು ಹೇಳಲು ಬಾಯಿ ತೆರೆದೆ. ಸುನಂದಾ ಚಪ್ಪಲಿ ಮೆಟ್ಟಿಕೊಳ್ಳುತ್ತಲೇ ಕೈ ಅಡ್ಡ ಹಿಡಿದು, "ನೀವು ಏನೂ ಹೇಳಬೇಡಿ, ಸುಮ್ನಿರಿ. ಇದು ಬೇಗ ಸರಿಹೋಗಬೇಕು," ಎಂದು ಹೊರಟುಹೋದಳು.