ಪಂಚಮಿಗೆ ಮನೆಯಲ್ಲಿ ಯಾರಿರುತ್ತಾರೆ?

ಮುಂಜಾನೆ ಹೊತ್ತಿನಲ್ಲಿ ನನ್ನನ್ನು ಯಾರೂ ಬುದ್ಧಿವಂತಿಕೆಯ ಪ್ರಶ್ನೆ ಕೇಳಬಾರದು. ಹಾಲು ಕಾಯಿಸುವುದು, ರೊಟ್ಟಿ ಬಡಿಯುವುದು, ಯಜಮಾನರ ಕನ್ನಡಕ ಹುಡುಕುವುದು, ಇಷ್ಟಕ್ಕೇ ನನ್ನ ತಲೆ ಸಾಲದು. ಆದರೆ ಮೊನ್ನೆ ಎರಡನೆಯ ರೊಟ್ಟಿ ಹಂಚಿನ ಮೇಲಿರುವಾಗಲೇ ತಂಗಿಯ ಮಗಳು ಸುಮಾ ಲ್ಯಾಪ್‌ಟಾಪ್ ಎತ್ತಿಕೊಂಡು ಅಡುಗೆಮನೆಗೆ ಬಂದಳು. ಅವಳದು ಸಂಖ್ಯಾಶಾಸ್ತ್ರದ ಕೆಲಸ. ಕಿಟಕಿಗೆ ಸೊಳ್ಳೆ ಜಾಳಿ ಬಡಿದರೆ ಡೆಂಗಿ ಕಡಿಮೆಯಾಗುತ್ತದೆಯೇ ಎಂದು ನಮ್ಮ ಬೈಲಹೊಂಗಲ, ಸವದತ್ತಿ ಕಡೆಯ ಹಳ್ಳಿಗಳಲ್ಲಿ ಪರೀಕ್ಷೆ ಮಾಡುತ್ತಾರಂತೆ. ಕೆಲವು ಊರಿಗೆ ಈಗಲೇ ಜಾಳಿ, ಉಳಿದವಕ್ಕೆ ಮುಂದಿನ ವರ್ಷ. ಎಷ್ಟು ಮನೆ ಬೇಕು, ನಡುವೆ ಎಷ್ಟು ಜನ ಕೈಬಿಟ್ಟು ಹೋದಾರು ಎಂದು ತಿಳಿಯಲು ಸುಮಾ ಮೊದಲೇ ಕಂಪ್ಯೂಟರಿನೊಳಗೊಂದು ಸುಳ್ಳು ಊರು ಕಟ್ಟಿದ್ದಳು. ಸಂಜೆಯೊಳಗೆ ಯೋಜನೆ ಕಳಿಸಬೇಕು. ಲೆಕ್ಕ ತಪ್ಪಿದರೆ ಜಾಳಿಯಿಂದ ಉಪಯೋಗವಾಯಿತೋ ಇಲ್ಲವೋ ಎಂಬುದೇ ತಿಳಿಯದೆ ಎಲ್ಲರ ದುಡಿಮೆ ಮಣ್ಣುಪಾಲು.

"ದೊಡ್ಡವ್ವ, ಶ್ರಾವಣದಾಗ ಹೆಣ್ಮಕ್ಕಳು ಮನ್ಯಾಗ ಇರ್ತಾರಲ್ಲ?" ಎಂದಳು.

"ಏನ ಹುಡುಗಿ, ಪಂಚಮಿಗೆ ಸೊಸಿ ಅನ್ನಾಕಿ ಗಂಡನ ಮನ್ಯಾಗ ಇರ್ತಾಳೇನ? ಅಣ್ಣ ಕರಿಯಾಕ ಬರೂದರಾಗ ಚೀಲಾ ತುಂಬಿ ಕುಂತಿರ್ತಾಳ!"

ಸುಮಾಳ ಮುಖ ಸಪ್ಪಗಾಯಿತು. ಸೊಳ್ಳೆ ಏಳುವುದೂ ಅದೇ ತಿಂಗಳಲ್ಲಿ. ಅವಳ ಕಂಪ್ಯೂಟರಿನ ಊರಲ್ಲೋ, ಪಾಪ, ಒಬ್ಬಳೂ ತವರಿಗೆ ಹೋಗಿರಲಿಲ್ಲ!

ಕಾನ್ವೆಂಟಿನಲ್ಲಿ ಸಿಸ್ಟರ್ ನನ್ನ ಗಣಿತದ ಪೇಪರನ್ನು ಮಡಚಿಯೇ ಕೊಡುತ್ತಿದ್ದರು, ಪಕ್ಕದವಳಿಗೆ ಕಾಣಬಾರದೆಂದು. ಅಂಥ ನಾನು ಅಂದು ದಿನವಿಡೀ ಲೆಕ್ಕ ಹೇಳಿಕೊಟ್ಟೆ. ಹೊಸ ಸೊಸೆ ಹದಿನೈದು ದಿನ, ಎರಡು ಮಕ್ಕಳ ತಾಯಿ ಒಂದು ವಾರ, ಅತ್ತೆ ಗಟ್ಟಿಯಾಗಿದ್ದರೆ ನಾಲ್ಕೇ ದಿನ. ಸುಮಾ ಎಲ್ಲವನ್ನೂ ಬರೆದುಕೊಂಡು, ಹೋಗುವವರ ಪಾಲು ಏರಿಸಿ, ಅದಕ್ಕೆ ತಕ್ಕಂತೆ ಮನೆಗಳನ್ನೂ ಹೆಚ್ಚಿಸಿದಳು. ಅಷ್ಟರಲ್ಲಿ ಬದನೆಕಾಯಿ ಪಲ್ಯ ತಳ ಹತ್ತಿತು. ಯಜಮಾನರು ಕರಿದಾದದ್ದನ್ನು ತಟ್ಟೆಯ ಅಂಚಿಗೆ ಸರಿಸಿ ಉಂಡರು. ವಿದ್ವಾಂಸರ ಮನೆಯ ಊಟ ಹೀಗೇ ಇರುತ್ತದೆಂದು ನಾನು ಇನ್ನೊಂದು ಸೌಟು ಬಡಿಸಿದೆ.

ಸಂಜೆ ಸುಮಾ ಸೆಂಡ್ ಒತ್ತಲು ಬೆರಳೆತ್ತಿದ್ದಳು. ಪಕ್ಕದ ಮನೆಯ ಶಾಂತಕ್ಕ ಮುಂಜಾನೆ ಒಯ್ದ ಬಟ್ಟಲು ತಿರುಗಿ ಕೊಡಲು ಬಂದರು. ನಾನು ಬಿಡುತ್ತೇನೆಯೇ? "ಶಾಂತಕ್ಕ, ಪಂಚಮಿಗೆ ಊರ ಅರ್ಧ ಖಾಲಿ ಅಂತ ನಮ್ಮ ಸುಮಾಗ ಲೆಕ್ಕಾ ಹೇಳಿಕೊಟ್ಟೇನ್ರಿ" ಎಂದು ಬೀಗಿದೆ.

"ಎಲ್ಲೀ ಖಾಲಿರಿ?" ಎಂದರು ಶಾಂತಕ್ಕ. ಸುಮಾಳ ಬೆರಳು ಅಲ್ಲೇ ನಿಂತಿತು. ಅವರು ಮಾತ್ರ ಚಪ್ಪಲಿ ಮೆಟ್ಟಿಕೊಳ್ಳುತ್ತ, ತಿರುಗಿಯೂ ನೋಡದೆ ಅಂದರು: "ನೀವು ಆ ಕಡೆ ತವರಿಗೆ ಹೊಂಟ್ರ, ಈ ಕಡೆ ನಿಮ್ಮ ಮೂರೂ ನಾದಿನ್ಯಾರು ಮಕ್ಕಳ್ನ ಕಟಗೊಂಡು ಇದ ಮನಿಗೆ ಬಂದ ಇಳೀತಾರಲ್ರಿ, ಅವ್ರನ್ನ ಯಾರ ಲೆಕ್ಕದಾಗ ಹಿಡದ್ರಿ?"