ಮೂರನೇ ಮಗ್ಗದ ಪಿಕ್ಕರ್

ಕಲಾವಿದನನ್ನು ಬೈಯಬಹುದು, ನಿರ್ಲಕ್ಷಿಸಬಹುದು; ಎರಡನ್ನೂ ಅವನು ತಡೆದುಕೊಳ್ಳುತ್ತಾನೆ. ರಿಪೇರಿಯ ಸಲಹೆ ಮಾತ್ರ ಕೊಡಬಾರದು. ಒಂದು ತಿಂಗಳಿನಿಂದ ಬನಹಟ್ಟಿಯಲ್ಲಿ ನನಗೆ ಸಿಗುತ್ತಿರುವುದು ಅದೊಂದೇ. ನನಗೆ ಬಂದಿರುವ ಸಿಟ್ಟು ಸಣ್ಣದಲ್ಲ.

ನಾನು ಯುದ್ಧದ ವಿರುದ್ಧ ಒಂದು ಪಾಪ್ ಹಾಡು ಮಾಡಿದೆ. ಟಿವಿಯಲ್ಲಿ ಕೋಟು ಹಾಕಿಕೊಂಡವರು ಗಡಿಯ ನಕ್ಷೆಯ ಮೇಲೆ ಕೋಲಾಡಿಸುತ್ತ ‘ನುಗ್ಗಿ ಹೊಡೆಯಬೇಕು’ ಎನ್ನುವುದನ್ನು ಕೇಳಿ ಕೇಳಿ ತಲೆ ಕೆಟ್ಟು ಮಾಡಿದ್ದು. ಹಾಗಂತ ಈಗ ಹೇಳುತ್ತೇನೆ. ಆ ದಿನ ಕೆಟ್ಟಿದ್ದು ತಲೆಯೋ ಹೊಟ್ಟೆಯೋ, ಖಚಿತವಿಲ್ಲ. ನನ್ನ ನೆನಪು ನನ್ನನ್ನು ಯಾವಾಗಲೂ ಒಂದಿಷ್ಟು ದೊಡ್ಡವನನ್ನಾಗಿ ತೋರಿಸುತ್ತದೆ. ಇರಲಿ. ತಬಲಾ ಬೇಡ, ಗಿಟಾರ್ ಬೇಡ ಎಂದು ತೀರ್ಮಾನಿಸಿದೆ. ಹಿತ್ತಲಿನ ಶೆಡ್ಡಿನಲ್ಲಿ ನಮ್ಮವೇ ನಾಲ್ಕು ವಿದ್ಯುತ್ ಮಗ್ಗಗಳಿವೆ. ಮೂರನೆಯದರ ಕೆಳಗೆ ಮೊಬೈಲ್ ಇಟ್ಟು ಅದರ ಖಟಖಟ ಸಪ್ಪಳ ಹಿಡಿದೆ. ಅದೇ ನನ್ನ ಮಷಿನ್‌ಗನ್. ಎರಡೂವರೆ ನಿಮಿಷ ಗುಂಡಿನ ಮಳೆ, ನಡುವೆ ಒಂದು ಹೆಣ್ಣುದನಿ, ಕೊನೆಗೆ ಗುಂಡು ಥಟ್ಟನೆ ನಿಂತು ಹತ್ತು ಸೆಕೆಂಡು ಮೌನ. ಆ ಮೌನದಲ್ಲಿ ಲೋಕ ನಾಚಬೇಕು.

ಹೆಣ್ಣುದನಿ ಗಂಗಕ್ಕನದು. ನಮ್ಮ ಶೆಡ್ಡಿನಲ್ಲಿ ಕಂಡಿಕೆಗೆ ನೂಲು ಸುತ್ತುವವಳು. ಮಗ ಬಸು ಇದೇ ಶೆಡ್ಡಿನಲ್ಲಿ ಬೆಳೆದವನು, ಈಗ ಫೌಜಿನಲ್ಲಿ, ಗಡಿಯಲ್ಲಿದ್ದಾನೆ. ‘ಸಾಕು ಮಾಡು, ಮನಿಗೆ ಬಾ’ ಎಂಬ ಸಾಲನ್ನು ನನ್ನಿಂದ ಓದಿಸಿ ಕೇಳಿದವಳು, “ಹಾಡತೀನಿ ತಮ್ಮಾ. ಆದ್ರ ಅಂವಗ ಮುಟ್ಟಬೇಕು. ಮಂದಿಗಿ ಮುಟ್ಟಿದ್ರೆಷ್ಟು, ಬಿಟ್ರೆಷ್ಟು” ಎಂದಳು. ನನಗೋ, ಮಂದಿಗೂ ಮುಟ್ಟಬೇಕಿತ್ತು.

ಹಾಡನ್ನು ಅಂತರ್ಜಾಲಕ್ಕೆ ಏರಿಸಿ, ಸಾವಳಗಿಯ ಸೋದರಮಾವನಿಗೆ ಫೋನ್ ಮಾಡಿ “ಮಾಮಾ, ಸಿಂಗಲ್ ಬಿಟ್ಟೇನಿ” ಎಂದೆ. ಒಂಟಿ ಹಾಡು ಹೊರತಂದವರು ಹಾಗೆ ಹೇಳುವುದು ಪದ್ಧತಿ. ಕಬ್ಬಿನ ಹೊಲದಲ್ಲಿ ಕರೆಂಟಿಗಾಗಿ ಕಾಯುತ್ತ ಕೂತಿದ್ದ ಆತ, “ಸಿಂಗಲ್ ಬಿಟ್ರ ಏನ ಮಾಡೂದಲೇ? ತ್ರೀ ಫೇಜ್ ಬಿಟ್ಟಾಗ ಹೇಳು, ಮೋಟರ್ ಚಾಲೂ ಮಾಡ್ತೀನಿ” ಎಂದು ಫೋನ್ ಇಟ್ಟ.

ಅದು ಅಜ್ಞಾನ, ಕ್ಷಮಿಸಿದೆ. ಬನಹಟ್ಟಿಯವರದು ಜ್ಞಾನ, ಅದನ್ನು ಕ್ಷಮಿಸಲಾರೆ. ಪಕ್ಕದ ಮನೆಯ ನೇಕಾರ ಮಲ್ಲಪ್ಪಣ್ಣ ಕಣ್ಣು ಮುಚ್ಚಿ ಪೂರ್ತಿ ಕೇಳಿದ. ಮುಚ್ಚಿದ ಕಣ್ಣು ನೋಡಿ ನನ್ನ ಎದೆ ತುಂಬಿತು. ಕಣ್ಣು ತೆರೆದು, “ಪಿಕ್ಕರ್ ಸಡ್ಲ ಆಗೇತಿ ನೋಡ” ಎಂದ. ಪಿಕ್ಕರ್ ಎಂದರೆ ಲಾಳಿಯನ್ನು ಬಡಿದು ಅತ್ತಿಂದಿತ್ತ ಓಡಿಸುವ ತುಂಡು.

“ಅಣ್ಣಾ, ಅದು ಗುಂಡಿನ ಸಪ್ಪಳ.”

“ಗುಂಡರ ಇರಲಿ, ತೋಪರ ಇರಲಿ, ಸಡ್ಲ ಆಗೇತಿ. ಹಿಂಗ ಬಿಟ್ರ ಲಾಳಿ ಜಿಗದು ಯಾರದರ ಕಣ್ಣ ತಗೀತೈತಿ.”

“ಮಂದಿ ಸಾಯೂದರ ಬಗ್ಗೆ ಐತಿ ಹಾಡು.”

“ಅದನ್ನ ನಾನೂ ಹೇಳಾಕತ್ತೇನಲ್ಲ.”

ಹಾಡಿನ ಕೆಳಗೆ ಬಂದ ಅಭಿಪ್ರಾಯಗಳೂ ಇದೇ ಜಾತಿಯವು. ರಬಕವಿಯವರೊಬ್ಬರು ನನ್ನ ಮಷಿನ್‌ಗನ್ನಿಗೆ ಎಣ್ಣೆ ಹಾಕಲು ಹೇಳಿದ್ದರು. ಮುಧೋಳ ಕಡೆಯ ಟ್ರ್ಯಾಕ್ಟರ್ ಡ್ರೈವರೊಬ್ಬ, ಕಬ್ಬಿನ ಗಾಡಿಯಲ್ಲಿ ಹಚ್ಚಲು ಛಲೋ ಇದೆ, ಆ ಹೆಂಗಸಿನ ದನಿ ತೆಗೆದರೆ ಇನ್ನೂ ಛಲೋ ಎಂದಿದ್ದ. ಇನ್ನು ಓಣಿಗೆಲ್ಲ ಕೇಳುವಂತೆ ಹಾಡು ಹಚ್ಚಿದೆ; ಲೋಕ ನಾಚಬೇಕಾದ ಆ ಹತ್ತು ಸೆಕೆಂಡಿನಲ್ಲಿ ಇಡೀ ಓಣಿ ‘ಕರೆಂಟ ಹೋತು’ ಎಂದು ತಲೆಯೆತ್ತಿ ಬಲ್ಬು ನೋಡಿತು. ಸ್ವತಃ ಗಂಗಕ್ಕ, ತನ್ನ ಹಾಡನ್ನೇ ಕೇಳುತ್ತಿದ್ದವಳು, ಸಪ್ಪಳ ನಿಂತದ್ದೇ ಎಳೆ ಕಡಿಯಿತೆಂದು ಗಂಟು ಹಾಕಲು ಎದ್ದಳು.

ಮೊನ್ನೆ ಮಧ್ಯಾಹ್ನ ಬಸುವಿನ ಫೋನ್ ಬಂತು. ಗಂಗಕ್ಕ ಸ್ಪೀಕರ್ ಹಾಕಿದಳು. ನಾನು ಪಕ್ಕಕ್ಕೆ ಬಂದು ನಿಂತೆ. ಗುಂಡಿನ ಸಪ್ಪಳ ಬಲ್ಲವನು ಇವನೊಬ್ಬನೇ. ಇದಕ್ಕಿಂತ ಮೇಲಿನ ಕೋರ್ಟಿಲ್ಲ.

“ಹಾಡ ಕೇಳಿದೇನಪಾ?”

“ದಿನಾ ಕೇಳತೀನಬೇ. ಮೂರನೇ ಮಗ್ಗ ಅಲ್ಲ ಅದು? ಪಿಕ್ಕರ್ ಸಡ್ಲ ಐತಿ.”

ನಾನು ಫೋನ್ ಕಸಿದುಕೊಂಡೆ. “ಬಸೂ, ಅದು ಮಷಿನ್‌ಗನ್. ನಿನಗರ ತಿಳಿಬೇಕಲ್ಲಪಾ.”

“ಅದು ಹಂಗ ಕೇಳಸೂದಿಲ್ರೀ ಅಣ್ಣಾರ. ಅದನ್ನ ಕೇಳಿದ ಮ್ಯಾಲೆ ನಿದ್ದಿ ಬರೂದಿಲ್ಲ. ಇದನ್ನ ಹಚ್ಚಿದ್ರ ಬರತೈತಿ. ಆದ್ರ ಕಡೀಕ ಸಪ್ಪಳ ನಿಂತಕೂಡ್ಲೆ ಎಚ್ಚರಾಗತೈತಿ. ಆ ನಿಂದರೂದೊಂದ ತಗೀರಿ.”

ಇಷ್ಟು ಚೊಕ್ಕವಾಗಿ ಆತ ಹೇಳಿರಲಿಕ್ಕಿಲ್ಲ, ನಾನು ತಿದ್ದಿರಬಹುದು. ಆದರೆ ಪಿಕ್ಕರಿನ ಮಾತು ಅವನದೇ. ಅಂಥದ್ದನ್ನು ನಾನಾಗಿ ಬರೆದುಕೊಳ್ಳುವಷ್ಟು ವಿನಯ ನನ್ನಲ್ಲಿಲ್ಲ. ಗಂಗಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, “ಮುಟ್ಟೇತಿ ಬಿಡು ತಮ್ಮಾ” ಎಂದು ಕಂಡಿಕೆ ಸುತ್ತಲು ಹೋದಳು. ಇಡೀ ಊರಿನಲ್ಲಿ ಆ ಮಗ್ಗದೊಳಗೆ ಗುಂಡು ಕೇಳಿಸಿಕೊಂಡವನು ನಾನೊಬ್ಬನೇ ಎಂದಾಯಿತು. ನಾನೂ, ಮನೆಯಲ್ಲಿ ಕೂತೇ ಗುಂಡು ಕೇಳಿಸಿಕೊಳ್ಳುವ ಟಿವಿಯ ಆ ಕೋಟಿನವರೂ ಒಂದೇ.

ನನ್ನ ಹತ್ತು ಸೆಕೆಂಡು ಕತ್ತರಿಸಿದೆ. ಈಗ ಹಾಡು ನಿಲ್ಲದೆ ಸುತ್ತುತ್ತದೆ. ಆಮೇಲೆ ಪಿಕ್ಕರನ್ನೂ ಬಿಗಿ ಮಾಡಿಸಿದೆ. ಮರುದಿನ ಮಲ್ಲಪ್ಪಣ್ಣ ಶೆಡ್ಡಿನ ಬಾಗಿಲಲ್ಲಿ ನಿಂತು, ಕಣ್ಣು ಮುಚ್ಚಿ ಮಗ್ಗದ ಸಪ್ಪಳ ಕೇಳಿ, “ಈಗ ಛಲೋ ಆತು ನೋಡ ನಿನ್ನ ಹಾಡು” ಎಂದ. ರಿಪೇರಿಯ ಸಲಹೆಯಿಲ್ಲದೆ ನನಗೆ ಸಿಕ್ಕ ಮೊದಲ ಮೆಚ್ಚುಗೆ ಅದು. ಮೊಬೈಲ್ ನನ್ನ ಜೇಬಿನಲ್ಲೇ ಆಫ್ ಆಗಿತ್ತು. ಹೇಳಲಿಲ್ಲ.