ಗಣಪತಿಗಳ ಕೆಳಗಿದ್ದ ನೀರು

ಬಾವಿ ಇರುವ ಮನೆಯವರಿಗೆ ಒಂದು ಬಗೆಯ ಜಂಬ ಇರುತ್ತದೆ. ಆ ಬಾವಿಯಿಂದ ಅವರು ಒಂದು ಚೊಂಬು ನೀರು ಸೇದಿರುವುದಿಲ್ಲ, ಬಗ್ಗಿ ನೋಡಿಯೂ ಇರುವುದಿಲ್ಲ. ಆದರೂ ನೀರಿನ ಮಾತು ಬಂದ ಕಡೆಯೆಲ್ಲ 'ನಮಗೇನಪ್ಪ, ಹಿತ್ತಲಲ್ಲಿ ಬಾವಿ ಇದೆ' ಎಂದು ಸೇರಿಸದಿದ್ದರೆ ತಿಂದದ್ದು ಅರಗುವುದಿಲ್ಲ. ಕೃಷ್ಣಮೂರ್ತಿಪುರಂನ ನಮ್ಮ ಬೀದಿಯಲ್ಲಿ ಈ ಕಾಯಿಲೆ ಇರುವವನು ನಾನೊಬ್ಬನೇ. ಮಿಕ್ಕವರೆಲ್ಲ ತಮ್ಮ ಬಾವಿಗಳನ್ನು ಮುಚ್ಚಿ, ಅವುಗಳ ಮೇಲೆ ಬಾಡಿಗೆ ಮನೆಯನ್ನೋ ಕಾರಿನ ಶೆಡ್ಡನ್ನೋ ಕಟ್ಟಿಕೊಂಡರು. ನಾನು ಮುಚ್ಚಲಿಲ್ಲ. ಅದು ದೂರದೃಷ್ಟಿ ಎಂದು ನಾನು ಹೇಳಿಕೊಳ್ಳುತ್ತೇನೆ. ಸೋಮಾರಿತನ ಎಂದು ನನ್ನ ಹೆಂಡತಿ ಜಯ ಹೇಳುತ್ತಾಳೆ.

ಹಾಗೆಂದು ಬಾವಿ ಪೂರ್ತಿ ನಿರುದ್ಯೋಗಿಯಾಗಿರಲಿಲ್ಲ. ವರ್ಷಕ್ಕೊಮ್ಮೆ ಗೌರಿ-ಗಣೇಶನ ಹಬ್ಬ ಬಂದಾಗ ನಮ್ಮ ಗಣಪತಿಯನ್ನು ಅದರಲ್ಲೇ ಬಿಡುತ್ತಿದ್ದೆವು. ನಮ್ಮೊಬ್ಬರದನ್ನೇ ಬಿಟ್ಟಿದ್ದರೆ ಚಿಂತೆ ಇರಲಿಲ್ಲ. ಆದರೆ ಬಾವಿ ಇರುವವನ ಕೈ ದೊಡ್ಡದು ನೋಡಿ. ತಟ್ಟೆಯಲ್ಲಿ ಗಣಪತಿ ಇಟ್ಟುಕೊಂಡು ಕೆರೆ ಕಡೆ ಹೊರಟವರನ್ನೆಲ್ಲ ನಾನೇ ಗೇಟಿನಲ್ಲಿ ನಿಂತು ತಡೆದು, 'ಅಷ್ಟು ದೂರ ಯಾಕ್ರೀ? ನಮ್ಮ ಬಾವಿ ಇಲ್ವೆ? ಬನ್ನಿ ಬನ್ನಿ' ಎಂದು ಕರೆಯುತ್ತಿದ್ದೆ. ಅವರು ಹೋಗುವಾಗ ಕೊಡುತ್ತಿದ್ದ ಕಡುಬಿಗೆ ಆಸೆಪಟ್ಟು ಕರೆಯುತ್ತೇನೆಂದು ಜಯ ಆಡಿಕೊಳ್ಳುತ್ತಿದ್ದಳು. ಅದರಲ್ಲಿ ಸ್ವಲ್ಪ ನಿಜವೂ ಇತ್ತು. ವಿಸರ್ಜನೆ ಮುಗಿದ ಮೇಲೆ ಕಬ್ಬಿಣದ ಜಾಲರಿ ಎಳೆದುಬಿಟ್ಟರೆ ಮತ್ತೆ ಬಾವಿಯ ನೆನಪು ಮುಂದಿನ ಹಬ್ಬಕ್ಕೇ.

ಈ ಸಲದ ಮಳೆಗಾಲದಲ್ಲಿ ಮಗಳು ಶ್ವೇತ ಬಾಣಂತನಕ್ಕೆ ಬಂದಿದ್ದಳು. ಅದೇ ಹೊತ್ತಿಗೆ ಮಳೆಯೆಲ್ಲ ಮೇಲ್ಗಡೆ ಎಲ್ಲೋ ಸುರಿದು, ಹೊಳೆ ಉಕ್ಕಿ, ಊರಿಗೆ ನೀರೆತ್ತುವ ಪಂಪುಗಳೇ ಮುಳುಗಿಹೋದವು. ಹೊಳೆಯ ತುಂಬ ನೀರು, ನಮ್ಮ ನಲ್ಲಿಯಲ್ಲಿ ಬರೀ ಗಾಳಿ. ತೊಟ್ಟಿಯಲ್ಲಿದ್ದದ್ದು, ಬಕೆಟ್ಟಿನಲ್ಲಿದ್ದದ್ದು, ಜಯ ಪಾತ್ರೆ ಪಗಡಿಗಳಲ್ಲಿ ಹಿಡಿದಿಟ್ಟದ್ದು ಎಲ್ಲ ತೀರಿತು. ಬೀದಿಯ ತುದಿಯಲ್ಲಿ ನಿಲ್ಲುವ ಟ್ಯಾಂಕರಿಗೆ ಬಿಂದಿಗೆ ಹಿಡಿದು ಹೋದರೆ, ನನ್ನ ಸರದಿ ಬರುವ ಹೊತ್ತಿಗೆ ಅದರ ಪೈಪು ತೊಟ್ಟಿಕ್ಕುತ್ತಿರುತ್ತಿತ್ತು. ಕುಡಿಯಲು, ಅಡಿಗೆಗೆ ಹೇಗೋ ಕ್ಯಾನು ತರಿಸಿದೆವು. ಆದರೆ ಬಾಣಂತಿ ಮನೆಗೆ ಕ್ಯಾನು ಯಾವ ಮೂಲೆಗೆ? ಬಾಣಂತಿಗೆ ಒಂದು ಹಂಡೆ, ಕೂಸಿಗೆ ಒಂದು ಪಾತ್ರೆ, ಬಟ್ಟೆಗಳಿಗಂತೂ ಲೆಕ್ಕವೇ ಇಲ್ಲ.

ಸುದ್ದಿ ಕೇಳಿ ಮಂಡಕಳ್ಳಿಯಿಂದ ಬೀಗಿತ್ತಿ ಕಮಲಮ್ಮನವರು, ಅಂದರೆ ಶ್ವೇತಳ ಅತ್ತೆ, ಬಂದಿಳಿದರು. ಅವರದು ತೋಟದ ಮನೆ, ಒಳ್ಳೆಯ ಬೋರ್‌ವೆಲ್ ಇದೆ. ಕೂಸಿನ ತಲೆ ಸವರಿ, ಮೂಗು ಹತ್ತಿರ ಒಯ್ದು, ನನ್ನ ಕಡೆ ನೋಡಿದರು.

"ಅಲ್ಲ ಬೀಗ್ರೆ, ಎಳೆ ಕೂಸು ನೀರು ಕಾಣದೆ ಮಲಗಿದ್ರೆ ಎಂಗೆ? ನಾಳೆ ಸಾಯಂಕಾಲದೊಳಗೆ ಇದಕ್ಕೆ ನೀರು ಬೀಳದಿದ್ರೆ ತಾಯಿ ಮಗು ಇಬ್ರನ್ನೂ ಕರ್ಕೊಂಡೋಗ್ಬುಡ್ತೀನಿ. ಬ್ಯಾಸರ ಮಾಡ್ಕೋಬ್ಯಾಡಿ."

ಬೇಸರದ ಮಾತಲ್ಲ ಅದು, ಮಾನದ ಮಾತು. ನೀರಿಲ್ಲವೆಂದು ಅರ್ಧ ಬಾಣಂತನದಲ್ಲಿ ಮಗಳನ್ನು ಗಂಡನ ಮನೆಗೆ ಕಳಿಸಿದರೆ ಜಯ ನಾಲ್ಕು ಜನರ ಎದುರು ತಲೆಯೆತ್ತುವುದು ಹೇಗೆ? ಅವಳ ಕಣ್ಣಲ್ಲಿ ನೀರಾಡಿತು. ಮನೆಯಲ್ಲಿ ಆಗ ಇದ್ದದ್ದು ಅದೊಂದೇ ನೀರು. ಕೂಸು ನನ್ನ ಬೆರಳು ಹಿಡಿಯಲು ಆಗಷ್ಟೇ ಕಲಿತಿತ್ತು. ಎದೆ ಸೆಟೆಸಿ, "ಅಯ್ಯೋ, ಹಿತ್ತಲಲ್ಲಿ ಬಾವಿ ಇಟ್ಕೊಂಡು ನಮಗ್ಯಾಕೆ ಯೋಚನೆ?" ಎಂದುಬಿಟ್ಟೆ.

ಜಾಲರಿ ಸರಿಸಿ ಬಗ್ಗಿದರೆ ನೀರೆಂಬುದು ಬರೀ ಕೆಸರಾಗಿತ್ತು, ಹೂಳು ತೆಗೆಸದೆ ಗತಿಯಿರಲಿಲ್ಲ. ಬಾವಿಗಿಳಿಯುವ ಸಿದ್ದಣ್ಣನನ್ನು ಹುಡುಕಿ ಕರೆತಂದೆ. ಅವನು ಕಂದೀಲು ಇಳಿಸಿ, ಅದು ಆರದ್ದರಿಂದ ಒಳಗೆ ಉಸಿರಾಡುವಷ್ಟು ಗಾಳಿ ಇದೆಯೆಂದು ಖಾತ್ರಿ ಮಾಡಿಕೊಂಡು, ಸೊಂಟಕ್ಕೆ ಹಗ್ಗ ಕಟ್ಟಿ ಇಳಿದ. ಆಮೇಲೆ ಒಳಗಿನಿಂದ ದನಿ ಬಂತು.

"ಸಾರ್, ತಳಾನೇ ಸಿಗ್ತಾ ಇಲ್ಲ. ಬರೀ ದೇವ್ರೇ ಸಿಗ್ತಾವ್ರೆ!"

ಮಣ್ಣಿನ ಗಣಪತಿಗಳೆಲ್ಲ ಕರಗಿ ಕೆಸರಾಗಿ ಕೂತಿದ್ದವು. ಬಣ್ಣದ ಗಣಪತಿಗಳು ಕರಗದೆ ಹಾಗೇ ಇದ್ದವು. ಬಾಂಡ್ಲಿ ಬಾಂಡ್ಲಿಯಾಗಿ ಮೇಲೆ ಬರತೊಡಗಿದವು. ಸೊಂಡಿಲಿಲ್ಲದವು, ಕಿವಿ ಮುರಿದವು, ಹೊಟ್ಟೆ ಮಾತ್ರ ಭದ್ರವಾಗಿದ್ದವು. ಕಸದ ಗಾಡಿಗೆ ಹಾಕಲಾಗದು, ಮತ್ತೆ ಬಾವಿಗೂ ಹಾಕುವಂತಿಲ್ಲ. ಕಾಂಪೌಂಡಿನ ಪಕ್ಕ ಸಾಲಾಗಿ ಕೂರಿಸಿದೆವು. ಇಷ್ಟು ವರ್ಷ ಕರೆಕರೆದು ತುಂಬಿಸಿದ್ದು ಏನನ್ನು ಎಂದು ನನಗೆ ಆಗ ಗೊತ್ತಾಯಿತು. ತಮ್ಮ ಮನೆಯದು ಯಾವಾಗಲೂ ಅಪ್ಪಟ ಜೇಡಿಮಣ್ಣಿನದೇ ಎಂದು ಪ್ರತಿ ಹಬ್ಬಕ್ಕೂ ಪ್ರಮಾಣ ಮಾಡುತ್ತಿದ್ದ ಪಕ್ಕದ ಮನೆಯ ನಂಜುಂಡಪ್ಪನವರು ಗುಲಾಬಿ ಬಣ್ಣದ ಒಂದು ಗಣಪತಿಯನ್ನು ಬಹಳ ಹೊತ್ತು ನೋಡಿ, "ಇದ್ಯಾರದೋಪ್ಪ, ನಮ್ದಂತೂ ಅಲ್ಲ ಕಣ್ರೀ" ಎಂದರು. ಯಾರೂ ಕೇಳಿರಲಿಲ್ಲ. ಆಮೇಲೆ ಪಂಚೆ ಎತ್ತಿಕಟ್ಟಿ ತಾವೂ ಹಗ್ಗಕ್ಕೆ ಕೈಹಾಕಿದರು. ನೋಡುತ್ತ ನಿಂತಿದ್ದ ಬೀದಿಯವರೆಲ್ಲ ಒಬ್ಬೊಬ್ಬರಾಗಿ ಬಂದು ಸೇರಿಕೊಂಡರು. ಭಕ್ತಿಯೋ ಪಶ್ಚಾತ್ತಾಪವೋ ಅಥವಾ ಅವರ ಮನೆಯ ನಲ್ಲಿಯಲ್ಲೂ ಗಾಳಿಯೇ ಬರುತ್ತಿತ್ತೆಂಬ ಕಾರಣವೋ, ಅಂತೂ ಕತ್ತಲಾಗುವ ಮೊದಲು ತಳ ಕಂಡಿತು.

ಬೆಳಿಗ್ಗೆ ಬಗ್ಗಿ ನೋಡಿದರೆ ನೀರು ಬಂದಿತ್ತು! ನಾನು ಕುಣಿಯುವುದೊಂದು ಬಾಕಿ. ಜಯ ನೀರಿಗೆ ಪಟಿಕದ ಕಲ್ಲು ಆಡಿಸಿ, ತಿಳಿಯಾಗಲು ಬಿಟ್ಟು, ಬಟ್ಟೆಯಲ್ಲಿ ಸೋಸಿ, ಹಂಡೆಯಲ್ಲಿ ಕೊತಕೊತ ಕುದಿಸಿದಳು. ಕಮಲಮ್ಮನವರು ಅಂಗೈಯಲ್ಲಿ ಸ್ವಲ್ಪ ಹಿಡಿದು ಮೂಸಿದರು.

"ನೀರು ಚೆಂದಾಗೈತೆ. ಆದ್ರೆ ಅಷ್ಟೊಂದು ಬಣ್ಣ ನೆಂದಿದ್ದ ಬಾವಿ. ಮೊದ್ಲು ಬೀಗ್ರು ಮಾಡ್ಲಿ ಸ್ನಾನ. ಮೈ ಕೆರೆತ ಗಿರೆತ ಬರದೇ ಇದ್ರೆ ಮದ್ಯಾನದ ಮೇಲೆ ಕೂಸಿಗೆ ಉಯ್ಯಾನ."

ಯಾಕೆ ನಾನೇ ಎಂದು ಕೇಳಲು ಬಾಯಿ ತೆರೆದೆ. ಜಯ ಆಗಲೇ ನನ್ನ ಕೈಗೆ ಟವೆಲ್ಲು ಕೊಟ್ಟಿದ್ದಳು.

ಸ್ನಾನ ಮುಗಿಸಿ, ಬರೀ ಪಂಚೆಯಲ್ಲಿ ಹಿತ್ತಲಿನ ಕಲ್ಲಿನ ಮೇಲೆ ಬಿಸಿಲಿಗೆ ಕೂತೆ. ಎದುರಿಗೆ ಕುರ್ಚಿ ಹಾಕಿಕೊಂಡು ಕಮಲಮ್ಮನವರು. ಕಾಂಪೌಂಡಿನ ಮೇಲಿಂದ ಕೊಡ ಹಿಡಿದ ಬೀದಿಯವರು. ಎಲ್ಲರ ಕಣ್ಣೂ ನನ್ನ ಚರ್ಮದ ಮೇಲೆ. ಮದುವೆಯಲ್ಲಿ ಹೆಣ್ಣಿನ ಕಡೆಯವರೂ ನನ್ನನ್ನು ಅಷ್ಟು ಗಮನವಿಟ್ಟು ನೋಡಿರಲಿಲ್ಲ. ಸ್ವಲ್ಪ ಹೊತ್ತು ಚೆನ್ನಾಗಿಯೇ ಕಳೆಯಿತು. ಆಮೇಲೆ ಭುಜದ ಮೇಲಿಂದ ಬೆನ್ನಿಗೆ ಏನೋ ಹರಿದಂತಾಯಿತು. ಕೆಂಪಿರುವೆ. ಬಾವಿಯಿಂದ ತೆಗೆದ ಕೆಸರಿನ ಗುಡ್ಡೆಯ ಹತ್ತಿರ ಕೂತದ್ದು ನನ್ನದೇ ತಪ್ಪು. ಅದು ಸಾವಕಾಶವಾಗಿ ಜಾಗ ಆರಿಸಿಕೊಂಡು ಕಚ್ಚಿತು. ಕೆರೆದುಕೊಂಡರೆ ಮಗಳು ಮೊಮ್ಮಗಳು ಇಬ್ಬರೂ ಮಂಡಕಳ್ಳಿಗೆ. ಇರುವೆ ಎಂದರೆ ನೆಪ ಎನ್ನುತ್ತಾರೆ. ಹಲ್ಲು ಕಚ್ಚಿ ಕೂತೆ. ಎರಡನೆಯದು ಬಂತು, ಕಂಕುಳಿಗೆ. "ಏನಾದ್ರೂ ಆಯ್ತದಾ ಬೀಗ್ರೆ?" ಎಂದರು ಕಮಲಮ್ಮನವರು. "ಏನಿಲ್ಲವಲ್ಲ, ತಂಪಾಗಿದೆ" ಎಂದು ನಕ್ಕೆ. ಆ ನಗು ಹೇಗಿತ್ತೋ, ನಂಜುಂಡಪ್ಪನವರು ಮುಖ ಆ ಕಡೆ ತಿರುಗಿಸಿದರು.

ಮಧ್ಯಾಹ್ನದ ಊಟ ಮುಗಿದ ಮೇಲೆ ಕಮಲಮ್ಮನವರು ಎದ್ದು ಸೀರೆ ಕೊಡವಿ, "ಉಯ್ಯಿ ಕಣಮ್ಮ ಜಯಾ" ಎಂದರು. ಬಚ್ಚಲಿನಿಂದ ನೀರಿನ ಸದ್ದೂ ಕೂಸಿನ ಚೀರಾಟವೂ ಒಟ್ಟಿಗೆ ಕೇಳಿಸಿದವು. ಹೊರಗೆ ಬೀದಿಯವರು ರಾಟೆಗೆ ಸಾಲು ನಿಂತರು. ಸ್ನಾನವಾದ ಕೂಸು ಸಾಂಬ್ರಾಣಿ ಹೊಗೆ ಕುಡಿದು ಗೊರಕೆ ಹೊಡೆಯಿತು. ಜಯ ಬಾಗಿಲಿಗೆ ಬಂದು ನನ್ನ ಕಡೆ ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ನನಗೆ ಅದು ಸಾಕಾಗಿತ್ತು.

ಸಂಜೆ ಕಮಲಮ್ಮನವರು ಒಬ್ಬರೇ ಊರಿಗೆ ಹೊರಟರು. ಗೇಟಿನ ಹತ್ತಿರ ಬೀಳ್ಕೊಡಲು ಹೋದ ನನಗೆ ಮೆಲ್ಲಗೆ ಹೇಳಿದರು.

"ಬೀಗ್ರೆ, ಇರುವೆ ಕಚ್ಚಿದಾಗ ಕೆರ್ಕೋಬಹುದಿತ್ತು. ನಾನೂ ನೋಡ್ತಾನೇ ಇದ್ದೆ, ಮೊದಲನೇದು ಹತ್ತಿದಾಗಿಂದ."

"ಮತ್ತೆ ಯಾಕೆ ಹೇಳಲಿಲ್ಲ?"

"ನೀವು ಎಷ್ಟೊತ್ತು ತಡ್ಕೋತೀರಿ ಅಂತ ನೋಡಾನ ಅಂದ್ಕೊಂಡೆ. ನಮ್ಮ ಹುಡುಗಿ ತವರು ಗಟ್ಟಿ ಐತೆ, ಬುಡಿ."

ಆಟೋ ತಿರುವಿನಲ್ಲಿ ಮರೆಯಾಗುವವರೆಗೂ ಕೈಮುಗಿದು ನಿಂತಿದ್ದೆ. ಆಮೇಲೆ ಗೇಟಿಗೆ ಬೆನ್ನು ಕೊಟ್ಟು, ಬೀದಿಯಲ್ಲಿ ಯಾರಿದ್ದಾರೆ ಯಾರಿಲ್ಲ ಎಂದೂ ನೋಡದೆ, ಮನಸೋ ಇಚ್ಛೆ ಉಜ್ಜಿಕೊಂಡೆ.